ಹಾವಿನ ಪೆಟ್ಟಿಗೆ ಮತ್ತು ಅಡುಗೆಮನೆಯ ಲೆಕ್ಕ

ಮಾಡ್ಯುಲರ್ ಕಿಚನ್ ಮಾಡಿ ಮಾಡಿ ಅಭ್ಯಾಸ ಆದವನಿಗೆ ಶತ್ರು ಒಂದೇ, ನೀರು. ಉಪ್ಪಳದಲ್ಲಿ ನಮ್ಮ ವರ್ಕ್‌ಶಾಪ್. ಕಡಲು ಹತ್ತಿರ, ಮಳೆಗಾಲದಲ್ಲಿ ಹಾಕಿದ ಬಟ್ಟೆಯೂ ಒಣಗದ ಊರು. ಇಲ್ಲಿ ಸಿಂಕ್ ಕೆಳಗೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಹಾಕಿದರೆ ಎರಡನೇ ಮಳೆಗಾಲಕ್ಕೆ ಉಬ್ಬಿ ಕೂತಿರುತ್ತದೆ. ಹಾಗಾಗಿ ಯಾರು ಏನೇ ಕೇಳಿದರೂ ನಮ್ಮ ಬಾಯಲ್ಲಿ ಬರುವುದು ಪಿವಿಸಿ ಫೋಮ್ ಬೋರ್ಡ್ ಅನ್ನುವ ಪ್ಲಾಸ್ಟಿಕ್ ಹಲಗೆ. ನೆನೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಕಟಿಂಗ್ ಸುಲಭ.

ಮಂಜೇಶ್ವರದ ಹುಡುಗನೊಬ್ಬ ಬಾಲ್ ಪೈಥಾನ್‌ಗೆ ಪೆಟ್ಟಿಗೆ ಬೇಕು ಅಂತ ಬಂದಾಗಲೂ ಅದನ್ನೇ ಹೇಳಿದೆ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, ಮುಂದೆ ಸ್ಲೈಡಿಂಗ್ ಗ್ಲಾಸ್. ಅದು ಆಫ್ರಿಕದ ಹಾವು. ಒಳಗೆ ತೇವಾಂಶ 60 ಶೇಕಡಾ ಆದರೂ ಇರಬೇಕು, ಒಂದು ಬದಿಯಲ್ಲಿ 32 ಡಿಗ್ರಿ ಬಿಸಿ ಇರಬೇಕು ಅಂದ. ನನಗೆ ಕೇಳಿಸಿದ್ದು ತೇವಾಂಶ ಮಾತ್ರ. 32 ಡಿಗ್ರಿ ಅಂದರೆ ಎಂತ, ಮಾರ್ಚ್‌ನಲ್ಲಿ ನಮ್ಮ ಶೆಡ್‌ನಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ.

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ ನೋಂದಣಿ ಕಾಗದ ಅವನೇ ತೋರಿಸಿದ. 2024ರ ನಿಯಮದ ಪ್ರಕಾರ ಇಂಥ ಪರದೇಶದ ಪ್ರಾಣಿಗೆ ಅದು ಬೇಕು. ನಮ್ಮ ತೋಟಕ್ಕೆ ಬರುವ ಹೆಬ್ಬಾವನ್ನೋ ನಕ್ಷತ್ರ ಆಮೆಯನ್ನೋ ಸಾಕುವುದಕ್ಕೆ 1972ರ ವನ್ಯಜೀವಿ ಕಾನೂನು ಬಿಡುವುದೇ ಇಲ್ಲ. ಆಮೆಗೆ ತೊಟ್ಟಿ ಮಾಡಿಸಲು ಬಂದವರೊಬ್ಬರನ್ನು ಚಾ ಕುಡಿಸಿ ಹಾಗೇ ಕಳಿಸಿದ್ದೇವೆ.

ನಮ್ಮ ಆಚಾರಿಗೆ ಈ ಕೆಲಸವೇ ಹಿಡಿಸಿರಲಿಲ್ಲ. "ನಾಗನಿಗೆ ಕಟ್ಟೆ ಕಟ್ಟಿದವರನ್ನು ನೋಡಿದ್ದೇನೆ. ಗ್ಲಾಸ್ ಹಾಕಿ ಪೆಟ್ಟಿಗೆ ಮಾಡುವವ ನೀನೇ ಮೊದಲು ಮಾರಾಯ" ಅಂದರು. ಮರದಲ್ಲೇ ಮಾಡು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿ, ದೋಣಿಗೂ ಅದನ್ನೇ ಬಳಿಯುವುದಲ್ವಾ ಅಂತ ಒಂದು ಸಲಹೆಯೂ ಬಂತು. ಮೈಗೆ ತಾಗಿದರೆ ಬೊಕ್ಕೆ ಏಳಿಸುವ ಎಣ್ಣೆ ಅದು. ಹೊಟ್ಟೆಯಲ್ಲೇ ಹರಿಯುವ ಪ್ರಾಣಿಯ ಮನೆಗೆ ಬೇಡ ಅಂದೆ. ಆ ಮಾತು ಸರಿಯಾಗಿಯೇ ಇತ್ತು. ಆದರೆ ಅದನ್ನು ತಳ್ಳಿಹಾಕುವಾಗ ಮರವನ್ನೂ ಸೇರಿಸಿ ತಳ್ಳಿಹಾಕಿದೆ.

18 ಎಂಎಂ ಬೋರ್ಡ್, ಜಾಯಿಂಟಿಗೆಲ್ಲ ಸಿಲಿಕಾನ್. ಟಾಪ್‌ನ ಮುಂದಿನ ಅಂಚಿಗೇ ಗ್ಲಾಸ್ ಜಾರುವ ಇ ಚಾನೆಲ್ ಅಂಟಿಸಿ ಅದರಲ್ಲಿ ಟಫನ್ಡ್ ಗ್ಲಾಸ್ ಎರಡು. ಗಾಳಿಗೆ ಹಿಂಬದಿಯಲ್ಲಿ ಮೆಶ್ ಹಾಕಿದ ಕಿಂಡಿ. ಹುಡುಗ ತಂದುಕೊಟ್ಟ 150 ವ್ಯಾಟ್‌ನ ಸೆರಾಮಿಕ್ ಹೀಟರನ್ನು ಪಿಂಗಾಣಿ ಹೋಲ್ಡರಿಗೆ ಹಾಕಿ, ಹೋಲ್ಡರನ್ನು ಟಾಪ್ ಬೋರ್ಡಿಗೆ ನೇರ ಸ್ಕ್ರೂ ಮಾಡಿದೆ. ಹಾವಿಗೆ ತಾಗದಂತೆ ಸುತ್ತ ಗಾರ್ಡ್. ಎಷ್ಟು ನೀಟಾಗಿತ್ತು ಅಂದರೆ ಸಾವ್ಕಾರರು ಫೋಟೋ ತೆಗೆದು ಸ್ಟೇಟಸ್ ಹಾಕಿದರು.

ಕೆಲವು ದಿನ ಕಳೆದು, ಜೋರು ಮಳೆಯ ಒಂದು ಸಂಜೆ ಫೋನ್ ಬಂತು. "ಅಣ್ಣಾ, ಗ್ಲಾಸ್ ಬಿಗಿ ಆಗ್ತಾ ಉಂಟು. ಎಂತದೋ ವಾಸನೆಯೂ ಬರ್ತದೆ."

ಸಿಲಿಕಾನ್ ವಾಸನೆ ಇರಬೇಕು ಅಂದೆ. ಅದರ ಹುಳಿ ವಾಸನೆ ಹೋಗಲು ಹೊತ್ತು ಬೇಕು ಅನ್ನುವುದು ನಿಜವೇ. ಚಾನೆಲ್‌ನಲ್ಲಿ ಹಾವಿಗೆ ಹಾಸಿದ ತೆಂಗಿನ ನಾರಿನ ಪುಡಿ ಸಿಕ್ಕಿರಬೇಕು, ಬ್ರಶ್ ಹಾಕಿ ಮೇಣದಬತ್ತಿ ಉಜ್ಜು ಅಂತ ಉಪದೇಶ ಮಾಡಿದೆ. ಹೀಟರ್ ಆನ್ ಇದೆಯಾ ಅಂತ ಕೇಳಲಿಲ್ಲ. ಆಮೇಲೆ ಅವನು ಒಂದು ವಿಡಿಯೋ ಕಳಿಸಿದ. ಟಾಪ್ ಬೋರ್ಡ್ ಹಸಿ ಹಪ್ಪಳದ ಹಾಗೆ ನಡುವಿನಲ್ಲಿ ಜೋತಿತ್ತು. ಹೋಲ್ಡರಿನ ಸ್ಕ್ರೂ ಒಂದು ಕಿತ್ತು, ಹೀಟರ್ ಗಾರ್ಡಿನ ಸಮೇತ ವಾಲಿತ್ತು. ಅದರ ಕೆಳಗೆ ಒಣಗಿದ ನಾರಿನ ಪುಡಿ. ಅಲ್ಲಿಯೇ ಒಂದು ಮಡಕೆ ಚೂರಿನಡಿ ಹಾವು.

ಸ್ವಿಚ್ ಆಫ್ ಮಾಡು ಅಂತ ಕಿರುಚಿ ಬೈಕ್ ಹತ್ತಿದೆ. ಆಚಾರಿ ಕೇಳದೆಯೇ ಹಿಂದೆ ಕೂತರು.

ಅಲ್ಲಿ ಹೋದ ಮೇಲಿನ ಹೊತ್ತು ಈಗಲೂ ಕಣ್ಣಿಗೆ ಕಟ್ಟುತ್ತದೆ. ಸ್ವಿಚ್ ಆಫ್ ಆಗಿತ್ತು. ಆದರೆ ಈ ಹೀಟರಿನ ಮೈ 200 ಡಿಗ್ರಿ ದಾಟಿ ಕಾಯುತ್ತದೆ. ಬೆಳಕು ಇಲ್ಲದ ಕಾರಣ ಬಿಸಿ ಇದೆಯೋ ಆರಿದೆಯೋ ನೋಡಿದರೆ ಗೊತ್ತಾಗುವುದಿಲ್ಲ. ಅದು ಇನ್ನೊಂದು ಸ್ಕ್ರೂ ಮೇಲೆ ನೇತಾಡುತ್ತಾ ಇತ್ತು. ಜೋತ ಬೋರ್ಡ್ ಮೇಲಿನ ಚಾನೆಲನ್ನು ಒತ್ತಿ ಎರಡೂ ಗ್ಲಾಸನ್ನು ಕಚ್ಚಿ ಹಿಡಿದಿತ್ತು. ಸಕ್ಷನ್ ಕಪ್ ಹಾಕಿ ಎಳೆದೆವು, ಅಲುಗಲಿಲ್ಲ. ಟಫನ್ಡ್ ಗ್ಲಾಸಿಗೆ ಕಟರ್ ನಡೆಯುವುದಿಲ್ಲ. ಒಡೆದರೆ ಅಷ್ಟೂ ಚೂರು ಹಾವಿನ ಮೇಲೆ. ಟಾಪ್ ಬಿಚ್ಚೋಣ ಅಂದರೆ ನಾನೇ ಸಿಲಿಕಾನ್ ಕುಡಿಸಿ ಭದ್ರ ಮಾಡಿದ್ದು, ಮೇಲಾಗಿ ಅಲುಗಿಸಿದರೆ ಹೀಟರ್ ಬೀಳುತ್ತದೆ. ಹುಡುಗನ ಅಮ್ಮ ಬಾಗಿಲಲ್ಲಿ ನಿಂತು "ಅದಕ್ಕೆ ಎಂತಾದರೂ ಆದ್ರೆ ಇವ ಊಟ ಬಿಡ್ತಾನೆ" ಅನ್ನುತ್ತಾ ಇದ್ದರು. ನಾನು ಗ್ಲಾಸನ್ನು ಹಿಡಿದುಕೊಂಡೇ ನಿಂತಿದ್ದೆ. ಏನು ಮಾಡಬೇಕು ಅಂತ ತೋಚಲಿಲ್ಲ.

ಆಚಾರಿ ಪೆಟ್ಟಿಗೆಯನ್ನು ಮೆಲ್ಲ ಗೋಡೆಯಿಂದ ಸರಿಸಿ ಹಿಂದೆ ಹೋದರು. ಕಿಂಡಿಯ ಮೆಶ್ ಬಿಚ್ಚಿ, ಬರೀ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ, ಕಿಂಡಿಯಿಂದಲೇ ಬೋರ್ಡನ್ನು ಕೊಯ್ಯಲು ಶುರು ಮಾಡಿದರು. ಮೆಷಿನ್ ಬೇಡ, ಅದುರುತ್ತದೆ ಅಂದರು. ಫೋಮ್ ಬೋರ್ಡ್ ಅಲ್ವಾ, ಬ್ಲೇಡ್ ಸಲೀಸಾಗಿ ಹೋಯಿತು. ಕೈ ಹೋಗುವಷ್ಟು ದಾರಿ ಆದ ಕೂಡಲೇ ಹುಡುಗ ಮೊಣಕೈವರೆಗೆ ಒಳಗೆ ಹಾಕಿ, ಮುದುಡಿ ಉಂಡೆ ಆಗಿದ್ದ ಹಾವನ್ನು ಮಡಕೆ ಚೂರಿನ ಸಮೇತ ಎಳೆದುಕೊಂಡ. ತಲೆದಿಂಬಿನ ಚೀಲದಲ್ಲಿ ಹಾಕಿದರು. ಹಾವಿಗೆ ಏನೂ ಆಗಿರಲಿಲ್ಲ. ನಾಗನಿಗೆ ಪೆಟ್ಟಿಗೆ ಬೇಡ ಅಂದವರೇ ಅದರ ತಲೆ ಯಾವ ಕಡೆ ಉಂಟು ಅಂತ ಚೀಲ ಮುಟ್ಟಿ ನೋಡಿದರು.

ಆಮೇಲೆ ಲೆಕ್ಕ ಹಾಕಿದರೆ ಎಲ್ಲ ಸರಳ. ಪಿವಿಸಿ 75ರಿಂದ 80 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬಿಸಿ ನೋಡಿ ಹೀಟರನ್ನು ಆನ್ ಆಫ್ ಮಾಡುವ ಥರ್ಮೋಸ್ಟಾಟ್‌ನ ಪ್ರೋಬ್ ಇದ್ದದ್ದು ಕೆಳಗೆ, ಹಾವಿನ ಹತ್ತಿರ. ಮಳೆಗೆ ಮನೆ ತಂಪಾಗಿ, ಕೆಳಗೆ 32 ಬರಿಸಲು ಹೀಟರ್ ಬಿಡದೆ ಉರಿಯಿತು. ಮೇಲೆ ಬೋರ್ಡಿಗೆ ಎಷ್ಟು ಏರಿತು ಅಂತ ನೋಡುವವರಿಲ್ಲ. ಬಿಸಿಗೆ ಹಿಗ್ಗುವುದು ಬೇರೆ. 40 ಡಿಗ್ರಿ ಏರಿದರೆ 4 ಅಡಿಯ ಪಿವಿಸಿ ಹಲಗೆ ಸುಮಾರು 3 ಎಂಎಂ ಉದ್ದ ಆಗುತ್ತದೆ. ಎರಡೂ ತುದಿಗೆ ಅಂಟಿಸಿದ ಹಲಗೆ ಹೋಗುವುದಾದರೂ ಎಲ್ಲಿಗೆ?

ಎರಡನೇ ಪೆಟ್ಟಿಗೆಯನ್ನು ಐಎಸ್ 710 ಮರೈನ್ ಪ್ಲೈನಲ್ಲಿ ಮಾಡಿದೆ. 72 ಗಂಟೆ ಕುದಿಸಿ ಪರೀಕ್ಷೆ ಮಾಡುವ ಗ್ರೇಡ್ ಅದು. ಸೀಲ್ ಹೊಡೆದದ್ದೆಲ್ಲ ಅಸಲಿ ಅಂತ ನಂಬಬಾರದು, ನಾನು ಒಂದು ತುಂಡು ಮನೆಗೆ ಒಯ್ದು ಕುದಿಸಿದೆ. ಪ್ಲೈಗೆ ನೀರು ಹೆಚ್ಚಾಗಿ ನುಗ್ಗುವುದು ಮುಖದಿಂದಲ್ಲ, ಅಂಚು ಮತ್ತು ಸ್ಕ್ರೂ ತೂತಿನಿಂದ. ಅಲ್ಲಿಗೆಲ್ಲ ಎಪಾಕ್ಸಿ ಎರಡು ಕೋಟ್ ಕೊಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಇಟ್ಟೆ. ಆಟಿ ತಿಂಗಳಲ್ಲಿ ಅದು ಒಣಗುವುದನ್ನು ಕಾಯುವುದೇ ಒಂದು ತಪಸ್ಸು. ಹೀಟರ್ ಮೇಲ್ಗಡೆ ಸಿಮೆಂಟ್ ಬೋರ್ಡ್ ತುಂಡು, ಪ್ಲೈಗೂ ಅದಕ್ಕೂ ನಡುವೆ ಸ್ಪೇಸರ್ ಇಟ್ಟು ಗಾಳಿಗೆ ಜಾಗ. ಹೋಲ್ಡರ್‌ಗೆ ಸ್ಕ್ರೂ ಬದಲು ನಟ್ ಬೋಲ್ಟ್. ಟಾಪ್‌ಗೆ ಅಂಟು ಇಲ್ಲ, ಬಿಚ್ಚಬಹುದು. ಪಿವಿಸಿ ಕೆಟ್ಟ ಮಾಲು ಅಂತಲ್ಲ. ಬಿಸಿ ಮುಟ್ಟದ ತಳಕ್ಕೆ ಈಗಲೂ ಅದನ್ನೇ ಹಾಕುತ್ತೇನೆ.

ಇಗುವಾನಾ ಅನ್ನುವ ದೊಡ್ಡ ಹಲ್ಲಿ ಸಾಕುವವರೊಬ್ಬರು ಇತ್ತೀಚೆಗೆ ಯುವಿಬಿ ಟ್ಯೂಬನ್ನು, ಅಂದರೆ ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವ ದೀಪವನ್ನು, ಗ್ಲಾಸ್ ಟಾಪ್‌ನ ಮೇಲಿಡಿ, ಚಂದ ಕಾಣುತ್ತದೆ ಅಂದರು. ಸಾದಾ ಗ್ಲಾಸು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ, ಅದು ಸಿಗದಿದ್ದರೆ ಇಗುವಾನಾದ ಎಲುಬು ಮೆತ್ತಗಾಗುತ್ತದೆ, ಟ್ಯೂಬ್ ಒಳಗೇ ಇರಲಿ ಅಂದೆ. ಒಪ್ಪಿದರು.

ಸಾವ್ಕಾರರು ಮಾತ್ರ ಇವತ್ತಿಗೂ ಕೋಟೇಶನ್ ಕೊಡುವುದು ಸ್ಕ್ವೇರ್ ಫೀಟ್ ಲೆಕ್ಕದಲ್ಲೇ, ಕಪಾಟಿನ ರೇಟಿಗೇ. ಅವರು ಬಳಸುವ ಕಟಿಂಗ್ ಲಿಸ್ಟ್ ಆ್ಯಪ್‌ನಲ್ಲಿ ಹೀಟರ್ ಅನ್ನುವ ಕಾಲಂ ಇಲ್ಲ, ಒಣಗುವ ದಿನಕ್ಕೂ ಇಲ್ಲ. ನಾನೀಗ ಖಾಲಿ ಪೆಟ್ಟಿಗೆಗೆ ಹೀಟರ್ ಹಾಕಿ, ಟಾಪ್‌ಗೊಂದು ಪ್ರೋಬ್ ಅಂಟಿಸಿ, ಹಗಲು ರಾತ್ರಿ ಓಡಿಸಿ ನೋಡದೆ ಡೆಲಿವರಿಗೆ ಬಿಡುವುದಿಲ್ಲ. ಆ ಕರೆಂಟಿನ ದುಡ್ಡು ಗಿರಾಕಿಯ ಬಿಲ್ಲಿಗೋ ಶಾಪ್ ಖರ್ಚಿಗೋ ಅನ್ನುವ ಜಗಳ ನಮ್ಮಲ್ಲಿ ಇನ್ನೂ ನಡೆಯುತ್ತಾ ಉಂಟು.