ರಿಪೋರ್ಟ್ ಕೈಯಲ್ಲೇ ಇದೆಯಲ್ಲ ಸಿಸ್ಟರ್, ಮತ್ತೇನು ನೋಡ್ತೀರಿ?

ರಕ್ತದ ಕಾಯಿಲೆಯವರ ವಾರ್ಡಿನಲ್ಲಿ ನರ್ಸ್ ಆಗಿರುವ ನನ್ನನ್ನು ಕಾಯಿಲೆಯವರ ಜೊತೆ ಬಂದ ಅಟೆಂಡರ್‌ಗಳೂ ಕೇಳುತ್ತಾರೆ, ನೆಂಟರೂ ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರೂ ಕೇಳುತ್ತಾರೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇಷ್ಟು, ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕಣ ಇಷ್ಟು ಅಂತ ಮೆಷಿನ್ ಹೇಳಿಯಾಯಿತು. ಕಮ್ಮಿ ಇದ್ದರೆ ಹಾಕಬೇಕು, ಅಷ್ಟೇ ತಾನೆ? ಅದಕ್ಕೆ ಕಣ್ಣಿನ ರೆಪ್ಪೆ ಎಳೆಯೋದು, ನಾಲಿಗೆ ಚಾಚಿಸೋದು, ಪೊಲೀಸರ ಥರ ಪ್ರಶ್ನೆ ಕೇಳೋದು ಯಾಕೆ?

ಯಾಕೆಂದರೆ ರಿಪೋರ್ಟ್ ಹೇಳುವುದು ಬೆಳಗ್ಗೆ ಎಳೆದ ಎರಡು ಎಂಎಲ್ ರಕ್ತದ ಲೆಕ್ಕ. ಆ ರಕ್ತ ಇಟ್ಟುಕೊಂಡು ಈ ಮನುಷ್ಯ ಈಗ ಹೇಗಿದ್ದಾನೆ ಅನ್ನೋದು ಅದರಲ್ಲಿ ಇರುವುದಿಲ್ಲ.

ಹಿಮೋಗ್ಲೋಬಿನ್ 5 ಇರುವ ಹೆಂಗಸು ಬಸ್ ಇಳಿದು, ಬ್ಯಾಗ್ ಹಿಡಿದು, ನಡೆದುಕೊಂಡೇ ವಾರ್ಡಿಗೆ ಬಂದುಬಿಡುತ್ತಾರೆ. ವರ್ಷಗಟ್ಟಲೆ ನಿಧಾನವಾಗಿ ಇಳಿದಿರುತ್ತದೆ, ಮೈ ಅದಕ್ಕೆ ಒಗ್ಗಿರುತ್ತದೆ. ಒಂದೇ ರಾತ್ರಿಯಲ್ಲಿ ರಕ್ತ ಹೋಗಿ 8ಕ್ಕೆ ಇಳಿದವರನ್ನು ಎಬ್ಬಿಸಿ ಕೂರಿಸಿದರೆ ಕಣ್ಣು ಕತ್ತಲೆ ಬರುತ್ತದೆ. ಕಾಗದದಲ್ಲಿ 8 ವಾಸಿ, ಮಂಚದ ಮೇಲೆ ಅಲ್ಲ. ಹಾಗಂತ ನಡೆದು ಬಂದವರು ಗಟ್ಟಿ ಅಂತಲೂ ಅಲ್ಲ. ಇಷ್ಟು ವರ್ಷ ಕಮ್ಮಿ ರಕ್ತದಲ್ಲಿ ಸಂಸಾರ ನಡೆಸಿದ ಹೃದಯ ಓಡಿ ಓಡಿ ಸುಸ್ತಾಗಿರುತ್ತದೆ. ಅವರಿಗೆ ರಕ್ತ ಬೇಗ ಬೇಗ ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅದಕ್ಕೇ ನಾನು ಮೊದಲು ಪಾದ ಒತ್ತಿ ನೋಡುತ್ತೇನೆ, ಗುಳಿ ಬೀಳುತ್ತಾ ಅಂತ. ಆಮೇಲೆ ಕೇಳುತ್ತೇನೆ: ರಾತ್ರಿ ಎಷ್ಟು ದಿಂಬು ಇಟ್ಟು ಮಲಗ್ತೀರಮ್ಮ? ಈ ಪ್ರಶ್ನೆಗೆ ಅವರ ಯಜಮಾನರು ನಗುತ್ತಾರೆ. "ಮೂರು ಇಡ್ಬೇಕು, ಇಲ್ಲಾಂದ್ರೆ ಉಸಿರು ಕಟ್ತದೆ" ಅಂತ ಅಮ್ಮ ಹೇಳಿದರೆ ನಾನು ಹೋಗಿ ಡ್ಯೂಟಿ ಡಾಕ್ಟರಿಗೆ ತಿಳಿಸುತ್ತೇನೆ. ರಕ್ತ ಹಾಕುವ ವೇಗವೇ ಬದಲಾಗುತ್ತದೆ.

ಬಿಳಿಚಿಕೊಂಡಿದ್ದಾರಾ ಅಂತ ಮುಖ ನೋಡಿ ಹೇಳುವುದು ನಮ್ಮ ಮೈಬಣ್ಣದವರಲ್ಲಿ ಕಷ್ಟ. ಕೆಳಗಿನ ರೆಪ್ಪೆಯ ಒಳಭಾಗ, ಅಂಗೈ ಗೆರೆ, ಉಗುರಿನ ಬುಡ, ಇವು ಸುಳ್ಳು ಹೇಳಲ್ಲ. ಉಗುರು ಚಪ್ಪಟೆಯಾಗಿ ಮಧ್ಯ ಗುಳಿ ಬಿದ್ದಿದ್ದರೆ ಕಬ್ಬಿಣಾಂಶ ಬಹಳ ದಿನದಿಂದ ಕಮ್ಮಿ ಇದೆ ಅಂತ. ಬಳಪ, ಹಸಿ ಅಕ್ಕಿ, ಮಣ್ಣು, ಐಸ್ ತಿನ್ನಬೇಕು ಅನ್ನಿಸೋದೂ ಅದರದ್ದೇ ಗುರುತು. ಅತ್ತೆ ಎದುರು ಕೇಳಿದರೆ ಯಾವ ಸೊಸೆಯೂ ಒಪ್ಪಲ್ಲ, ಆಚೆ ಕಳಿಸಿ ಕೇಳಬೇಕು. ನಾಲಿಗೆ ಕೆಂಪಗೆ ನುಣ್ಣಗಾಗಿ, ಬೆರಳ ಗೆಣ್ಣು ಕಪ್ಪಾಗಿ, ಪಾದ ಜುಮ್ಮೆನ್ನುತ್ತಿದ್ದರೆ ಅನುಮಾನ ಬಿ12 ಕಡೆ ಹೋಗುತ್ತದೆ. ಹಾಲು ಮೊಸರೂ ಅಷ್ಟಕ್ಕಷ್ಟೇ ಇರುವ ಸಸ್ಯಾಹಾರಿಗಳಲ್ಲಿ ಇದು ಜಾಸ್ತಿ. ಇವರಿಗೆ ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಪ್ರಯೋಜನ ಇಲ್ಲ.

ಇನ್ನು ಪ್ಲೇಟ್‌ಲೆಟ್. ಡೆಂಗಿ ಸೀಸನ್ ಬಂದರೆ ಊರಿಗೆಲ್ಲ ಒಂದೇ ಮಾತು, ಕೌಂಟ್ ಎಷ್ಟು? ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕಾದ್ದು 60 ಸಾವಿರ ಅಂದರೆ ಮನೆಯವರು ಪಪ್ಪಾಯಿ ಎಲೆ ಹುಡುಕಿಕೊಂಡು ಹೊರಡುತ್ತಾರೆ. ಡೆಂಗಿಯಲ್ಲಿ ನಾವು ಹೆದರುವುದು ಬೇರೆಯದಕ್ಕೆ. ಜ್ವರ ಬಿಟ್ಟ ಹೊತ್ತಿನಲ್ಲಿ ರಕ್ತನಾಳದಿಂದ ನೀರಿನಂಶ ಸೋರಲು ಶುರುವಾಗುತ್ತದೆ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಮಂಕಾಗಿ ಮಲಗಿಬಿಡೋದು, ಕೈಕಾಲು ತಣ್ಣಗಾಗೋದು, ಮೂತ್ರ ಕಮ್ಮಿಯಾಗೋದು, ಇವು ಕಂಡರೆ ಕೌಂಟ್ ಎಷ್ಟೇ ಇರಲಿ ಓಡಿ ಬರಬೇಕು. ಜ್ವರ ಬಿಡ್ತಲ್ಲ ಅಂತ ಡಿಸ್ಚಾರ್ಜ್ ಕೇಳುವವರ ಜೊತೆ ಪ್ರತಿ ಮಳೆಗಾಲವೂ ನನ್ನ ಜಗಳ.

ಪ್ಲೇಟ್‌ಲೆಟ್ ನಿಜಕ್ಕೂ ತಳ ಮುಟ್ಟಿದವರಲ್ಲಿ ಮೈಯೇ ಹೇಳುತ್ತದೆ. ಮೊಣಕಾಲಿನ ಕೆಳಗೆ, ಸಾಕ್ಸ್ ಅಂಚಿನಲ್ಲಿ, ಲಂಗದ ಲಾಡಿ ಕಟ್ಟುವ ಜಾಗದಲ್ಲಿ, ಬಿಪಿ ಪಟ್ಟಿ ಬಿಚ್ಚಿದ ತೋಳಿನಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಏಳುತ್ತವೆ. ಸೊಳ್ಳೆ ಕಚ್ಚಿದ್ದು ಅಂದುಕೊಳ್ಳುತ್ತಾರೆ. ಬೆರಳಲ್ಲಿ ಒತ್ತಿ ನೋಡಿ. ಸೊಳ್ಳೆ ಗುರುತು ಒಂದು ಕ್ಷಣ ಮಾಸುತ್ತದೆ. ಇದು ಮಾಸಲ್ಲ, ಚರ್ಮದ ಕೆಳಗೆ ರಕ್ತವೇ ಕೂತಿರುತ್ತದೆ. ಬಾಯೊಳಗೆ ರಕ್ತದ ಬೊಬ್ಬೆ ಇದ್ದರಂತೂ ಇನ್ನೂ ಎಚ್ಚರ ಬೇಕು. 10 ಸಾವಿರ ಪ್ಲೇಟ್‌ಲೆಟ್ ಇಟ್ಟುಕೊಂಡು ಹಾಯಾಗಿ ಫೋನ್ ನೋಡುತ್ತಾ ಕೂತ ಹುಡುಗಿಯೂ ನಮ್ಮಲ್ಲಿ ಇರುತ್ತಾಳೆ. ಅವಳೇ "ಅಕ್ಕಾ, ಯಾಕೋ ಜೋರು ತಲೆನೋವು" ಅಂದಳೋ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಟಾರ್ಚ್ ಹಿಡಿದು ಕಣ್ಣಿನ ಪಾಪೆ ನೋಡುತ್ತೇವೆ, ಡಾಕ್ಟರನ್ನು ಕರೆಯುತ್ತೇವೆ. ತಲೆಯೊಳಗೆ ರಕ್ತ ಸೋರಿದರೆ ಅದರ ಮೊದಲ ಮಾತು ಅದೇ ಆಗಿರಬಹುದು.

ಒಂದೇ ಥರ ಊದಿದ ಎರಡು ಮಂಡಿಗಳ ಕಥೆಯನ್ನು ಹೊಸ ನರ್ಸಿಂಗ್ ಹುಡುಗಿಯರಿಗೆ ತಪ್ಪದೆ ಹೇಳುತ್ತೇನೆ. ಒಬ್ಬ ಹುಡುಗನಿಗೆ ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಿಸುವ 8ನೇ ಅಥವಾ 9ನೇ ಫ್ಯಾಕ್ಟರ್ ಇಲ್ಲದ್ದರಿಂದ ಮಂಡಿಯೊಳಗೇ ರಕ್ತ ಸೋರಿದೆ. ಅವನಿಗೆ ಐಸ್ ಇಡಬಹುದು, ಕಾಲು ಎತ್ತರಿಸಿ ಅಲುಗಾಡದ ಹಾಗೆ ಇಡಬೇಕು, ಫ್ಯಾಕ್ಟರ್ ಮೊದಲು ಹೋಗಬೇಕು, ಸ್ಕ್ಯಾನ್ ಆಮೇಲೆ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚುವ ಹಾಗಿಲ್ಲ, ಮಾಂಸದೊಳಗೆ ರಕ್ತ ತುಂಬಿಕೊಳ್ಳುತ್ತದೆ. ಇನ್ನೊಬ್ಬ ಹುಡುಗನಿಗೆ ಸಿಕಲ್ ಸೆಲ್. ಕುಡುಗೋಲಿನ ಆಕಾರಕ್ಕೆ ತಿರುಗಿದ ಕೆಂಪು ಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿಹಾಕಿ ನೋವು ಬಂದಿದೆ. ಇವನಿಗೆ ಐಸ್ ಇಟ್ಟರೆ ನಾಳ ಇನ್ನಷ್ಟು ಕುಗ್ಗಿ ನೋವು ಜಾಸ್ತಿಯಾಗುತ್ತದೆ. ಬೆಚ್ಚಗೆ ಇಡಬೇಕು, ನೀರಿನಂಶ ಕಮ್ಮಿಯಾಗದ ಹಾಗೆ ನೋಡಿಕೊಳ್ಳಬೇಕು, ನೋವಿನ ಮದ್ದು ತಡಮಾಡದೆ ಕೊಡಬೇಕು.

ಸಿಕಲ್ ಸೆಲ್ ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಕಾಣುವುದು ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳ ಜನರಲ್ಲಿ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಅಭಿಯಾನ ಶುರು ಮಾಡಿ, 40 ವರ್ಷದವರೆಗಿನವರ ರಕ್ತ ಪರೀಕ್ಷೆ ಮಾಡಿಸುತ್ತಿದೆ. ಹಾಡಿಯಿಂದ ಬಂದ ಹುಡುಗರು ಜೋರಾಗಿ ಅಳುವುದಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಾರೆ. ಅಷ್ಟೇನೂ ನೋವಿಲ್ಲ ಅಂತ ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗೋದು ಬಹಳ ಸುಲಭ. ನೋವಿಗೆ ಮೆಷಿನ್ ಇಲ್ಲ, ಕೇಳಲೇಬೇಕು, ಹೇಳಿದ್ದನ್ನು ನಂಬಲೇಬೇಕು. ಎದೆನೋವು, ಕೆಮ್ಮು, ಉಸಿರಾಟ ಜೋರಾಯಿತು ಅಂದರೆ ಕಾಯುವ ಹಾಗೇ ಇಲ್ಲ.

ಹಿಮೋಫಿಲಿಯಾದವರದ್ದು ಇನ್ನೊಂದು ವಿಶೇಷ. ಮಂಡಿ ಊದುವ ಮುಂಚೆಯೇ ಅವರಿಗೆ ಒಳಗೆ ಬಿಸಿಬಿಸಿ, ಜುಮುಜುಮು ಅನ್ನಿಸಿ ಗೊತ್ತಾಗಿಬಿಡುತ್ತದೆ. ಹೊರಗೆ ಏನೂ ಕಾಣಲ್ಲ, ನೋಡೋಣ ಇರಿ ಅಂದರೆ ಕೆಟ್ಟಿತು. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇದ್ದುಕೊಂಡೇ ಡಾಕ್ಟರ್ ಆಗಿ, ಇಂಥವರಿಗಾಗಿ ಸಂಸ್ಥೆ ಕಟ್ಟಿದವರು. ಕಾಯಿಲೆಯವರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನೋದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಕ್ಯಾನ್ಸರಿಗೆ ಕೀಮೋ ಔಷಧಿ ತೆಗೆದುಕೊಂಡವರಲ್ಲಿ ಬಿಳಿ ರಕ್ತಕಣ ಇಲ್ಲವೇ ಇಲ್ಲ ಅನ್ನುವಷ್ಟು ಇಳಿದಿರುತ್ತದೆ. ಕೀವು ಆಗೋದೂ ಅದೇ ಕಣಗಳಿಂದ, ಹಾಗಾಗಿ ಸೋಂಕು ಇದ್ದರೂ ಕೀವು ಕಾಣದೇ ಇರಬಹುದು. ಎಷ್ಟೋ ಸಲ ಜ್ವರ ಒಂದೇ ಗುರುತು. 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4 ದಾಟಿದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ಅರ್ಧ ರಾತ್ರಿಯಾದರೂ ಬನ್ನಿ. ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು.

ಇನ್ನು ರಕ್ತ ಹಾಕುವ ಹೊತ್ತಿಗೆ ಬರೋಣ. ಅಟೆಂಡರ್‌ಗಳಿಗೆ ನಮ್ಮ ಮೇಲೆ ಜಾಸ್ತಿ ಸಿಟ್ಟು ಬರೋದು ಆಗಲೇ. ಫ್ರಿಜ್‌ನಿಂದ ತೆಗೆದ ಕೆಂಪು ಕಣಗಳ ಚೀಲವನ್ನು 30 ನಿಮಿಷದೊಳಗೆ ಶುರು ಮಾಡಿ 4 ಗಂಟೆಯೊಳಗೆ ಮುಗಿಸಬೇಕು. ತಣ್ಣಗಿದೆ ಅಂತ ಬಿಸಿನೀರಲ್ಲಿ ಅದ್ದುವ ಹಾಗಿಲ್ಲ, ಕಣಗಳು ಒಡೆಯುತ್ತವೆ. ಇಬ್ಬರು ನಿಂತು ಹೆಸರು, ಆಸ್ಪತ್ರೆ ನಂಬರ್, ಗುಂಪು, ಚೀಲದ ನಂಬರ್, ತಾರೀಖು ಓದಿ ತಾಳೆ ನೋಡುತ್ತೇವೆ. "ನೀವು ಮಂಜುನಾಥ್ ಅಲ್ವಾ?" ಅಂತ ಕೇಳಬಾರದು. ಜ್ವರದ ಮಂಪರಿನಲ್ಲಿರುವವರು ಯಾವ ಹೆಸರಿಗೂ ಹೂಂ ಅನ್ನುತ್ತಾರೆ, ಜೊತೆಗೆ ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ್ ಇರೋದು ನಮ್ಮಲ್ಲಿ ದೊಡ್ಡ ವಿಷಯವೇ ಅಲ್ಲ. "ನಿಮ್ಮ ಹೆಸರು ಹೇಳಿ" ಅನ್ನಬೇಕು. ಬೆಳಗ್ಗೆಯಿಂದ ನಾಲ್ಕು ಸಲ ಹೇಳಿದ್ದರೂ ಸರಿ.

ಮೊದಲ 15 ನಿಮಿಷ ಹನಿಹನಿಯಾಗಿ ಬಿಟ್ಟು ನಾವು ಪಕ್ಕದಲ್ಲೇ ಇರುತ್ತೇವೆ. ಗುಂಪು ಹೊಂದದ ರಕ್ತ ಹೋಗಿದ್ದರೆ ಅದು ಜೋರಾಗಿ ತೋರಿಸಿಕೊಳ್ಳುವುದು ಸಾಮಾನ್ಯವಾಗಿ ಶುರುವಿನಲ್ಲೇ. ಚಳಿ, ನಡುಕ, ಸೊಂಟದ ಹತ್ತಿರ ನೋವು, ಎದೆ ಬಿಗಿತ. ಕೆಲವರು ಬರೀ "ಏನೋ ಒಂಥರಾ ಆಗ್ತಿದೆ" ಅನ್ನುತ್ತಾರೆ. ಅಷ್ಟು ಸಾಕು. ಮೊದಲು ರಕ್ತ ನಿಲ್ಲಿಸಿ, ಹೊಸ ಸೆಟ್‌ನಲ್ಲಿ ಸಲೈನ್ ಹಾಕಿ, ಡಾಕ್ಟರನ್ನು ಕರೆದು, ಮತ್ತೆ ಹೆಸರು ನಂಬರ್ ತಾಳೆ ನೋಡುತ್ತೇವೆ. ಮುಂದೆ ಬರುವ ಮೂತ್ರದ ಬಣ್ಣವನ್ನೂ ಬರೆದಿಡುತ್ತೇವೆ. ಉಳಿದ ಚೀಲ ಕಸದ ಬುಟ್ಟಿಗಲ್ಲ, ಬ್ಲಡ್ ಬ್ಯಾಂಕಿಗೆ ವಾಪಸ್. ಮೂವರು ಹುಡುಗರನ್ನು ಕರೆತಂದು ರಕ್ತ ಕೊಡಿಸಿ ತಂದಿದ್ದು ವೇಸ್ಟ್ ಮಾಡ್ತೀರಾ ಅಂತ ಬೈಸಿಕೊಂಡಿದ್ದೇವೆ, ಬೈಸಿಕೊಳ್ಳೋಣ. ಆದರೆ ನಿಧಾನ ಹೋಗ್ತಿದೆ ಅಂತ ಪೈಪಿನಲ್ಲಿ ಹನಿಯ ವೇಗ ಹೊಂದಿಸುವ ಆ ಗಾಲಿಯನ್ನು ನೀವೇ ತಿರುಗಿಸಬೇಡಿ, ಕೈ ಮುಗಿಯುತ್ತೇನೆ.

ತಲಸ್ಸೀಮಿಯಾ, ಅಂದರೆ ಮೈ ಸಾಕಷ್ಟು ಹಿಮೋಗ್ಲೋಬಿನ್ ಮಾಡಲಾಗದ ವಂಶದ ಕಾಯಿಲೆ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಇದೇ ಆಗಬೇಕು. ಪ್ರತಿ ಚೀಲದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ, ಅದನ್ನು ಹೊರಹಾಕಲು ದೇಹಕ್ಕೆ ದಾರಿ ಇಲ್ಲ. ಹೃದಯದಲ್ಲಿ, ಲಿವರ್‌ನಲ್ಲಿ ಕೂರುತ್ತದೆ. ಹಾಗಾಗಿ ರಕ್ತ ಹಾಕುವಾಗಲೇ ಕೇಳುತ್ತೇವೆ: ಕಬ್ಬಿಣ ತೆಗೆಯುವ ಮಾತ್ರೆ ದಿನಾ ನುಂಗ್ತಿದ್ದೀಯಾ? ಹದಿನೈದು ವರ್ಷದ ಹುಡುಗ ಅಮ್ಮನ ಮುಖ ನೋಡಿದ ಅಂದರೆ ಉತ್ತರ ಸಿಕ್ಕಿತು ಅಂತಲೇ.

ಪ್ರಶ್ನೆಗಳಿಗೆ ಬೇಜಾರಾಗೋದು ನನಗೂ ಗೊತ್ತು. ವಂಶದ ಕಾಯಿಲೆ ಇರಬಹುದಾ ಅಂತ ತಿಳಿಯಲು ಸಂಬಂಧದಲ್ಲಿ ಮದುವೆ ಆಗಿದ್ದೀರಾ ಅಂದರೆ ಕೆಲವರಿಗೆ ಕೋಪ ಬರುತ್ತದೆ. ಮಲ ಕಪ್ಪಗೆ ಹೋಗುತ್ತಾ, ಮೂಲವ್ಯಾಧಿ ಇದೆಯಾ, ಮುಟ್ಟು ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್? "ಎಲ್ರಿಗೂ ಹಂಗೇ ಅಲ್ವಾ ಸಿಸ್ಟರ್" ಅನ್ನುವ ಹೆಂಗಸರಲ್ಲಿ ಎಷ್ಟೋ ಜನರ ರಕ್ತ ತಿಂಗಳು ತಿಂಗಳೂ ಅಲ್ಲೇ ಹೋಗುತ್ತಿರುತ್ತದೆ, ಹಿಂದಿನ ಫೈಲಿನಲ್ಲೆಲ್ಲ ಬರೀ ಕಬ್ಬಿಣದ ಮಾತ್ರೆ ಬರೆದಿರುತ್ತದೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಗುಳಿಗೆಯನ್ನು ಯಾರೂ ಔಷಧಿ ಅಂತ ಲೆಕ್ಕವೇ ಇಡಲ್ಲ. ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸೋದು ಎಷ್ಟೋ ಸಲ ಅದೇ. ಬರುವಾಗ ರಿಪೋರ್ಟ್ ಫೈಲ್ ತನ್ನಿ, ಜೊತೆಗೆ ಮನೆಯಲ್ಲಿರುವ ಎಲ್ಲಾ ಮಾತ್ರೆ ಶೀಟುಗಳನ್ನೂ ಒಂದು ಕವರಿಗೆ ಸುರಿದುಕೊಂಡು ಬನ್ನಿ. ನಾಟಿ ಔಷಧಿ ಪುಡಿ ಇದ್ದರೆ ಅದನ್ನೂ ತನ್ನಿ, ನಾವು ಬೈಯಲ್ಲ.