11 ಕಿಲೋಮೀಟರ್ ಓಡೋದೇನು ಮಹಾ?

ನನಗೆ ಫುಟ್‌ಬಾಲ್ ಹುಚ್ಚು ಅಂತ ಗೊತ್ತಾದ ಕೂಡಲೇ ಜನ ಇದನ್ನೇ ಕೇಳುತ್ತಾರೆ. "ಮ್ಯಾರಥಾನ್‌ನವರು 42 ಕಿಲೋಮೀಟರ್ ಓಡುತ್ತಾರೆ. ಇವರು ಒಂದೂವರೆ ಗಂಟೆಯಲ್ಲಿ ಓಡೋದು 10-12. ಅಷ್ಟಕ್ಕೇ ಯಾಕಿಷ್ಟು ಏದುಸಿರು?"

ಲೆಕ್ಕ ಸರಿಯಾಗೇ ಇದೆ. 11 ಕಿಲೋಮೀಟರನ್ನು 90 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 120 ಮೀಟರ್ ಚಿಲ್ಲರೆ. ಬಿರುಸು ನಡಿಗೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಯಾವ ಆಟಗಾರನೂ ಈ ಸರಾಸರಿಯಲ್ಲಿ ಓಡೋದಿಲ್ಲ. ಹೆಚ್ಚು ಹೊತ್ತು ನಡೆಯುತ್ತಾನೆ, ಇಲ್ಲವೇ ನಿಧಾನಕ್ಕೆ ಓಡುತ್ತಾನೆ. ನಡುವೆ ಒಂದು ಕೆಟ್ಟ ನಿಮಿಷ ಬರುತ್ತದೆ.

ಮೈದಾನದ ಅಂಚಿನಲ್ಲಿ ಆಡುವ ರಕ್ಷಕ, ಅಂದರೆ ಫುಲ್‌ಬ್ಯಾಕ್‌ನನ್ನೇ ನೋಡಿ. ತಂಡ ದಾಳಿಗೆ ಹೊರಟಿತು ಅಂದರೆ ಗೆರೆ ಪಕ್ಕದಲ್ಲೇ 50 ಮೀಟರ್ ಮುಂದಕ್ಕೆ ಓಡಬೇಕು. ಓಡಿ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು ಹೊಡೆದ (ಇದೇ ಕ್ರಾಸ್), ಗೋಲ್‌ಕೀಪರ್ ಹಿಡಿದುಬಿಟ್ಟ. ಮರುಕ್ಷಣ ಚೆಂಡು ಹೋಗೋದು ಇವನು ಬಿಟ್ಟು ಬಂದ ಖಾಲಿ ಜಾಗಕ್ಕೇ. ತಿರುಗಿ ಅಷ್ಟೇ ದೂರ ಓಟ. ಇನ್ನೇನು ಅಂಚಿನಲ್ಲಿ ದಾಳಿಗೆ ಬರುವ ಎದುರಾಳಿ ವಿಂಗರ್‌ ಸಿಕ್ಕ ಅನ್ನುವಾಗ ಅವನು ಗಕ್ಕನೆ ನಿಂತು ಒಳಕ್ಕೆ ತಿರುಗುತ್ತಾನೆ. ಇವನೂ ಬ್ರೇಕ್ ಹಾಕಬೇಕು. ಚೆಂಡು ಹೊರಗೆ ಹೋದಾಗ ಮಂಡಿಗೆ ಕೈಯೂರಿ ಬಗ್ಗಿ ನಿಂತಿರುತ್ತಾನೆ. ಕ್ಯಾಮೆರಾ ಆಗ ಬೇರೆ ಯಾರನ್ನೋ ತೋರಿಸುತ್ತಿರುತ್ತದೆ ಬಿಡಿ.

ಇಂಥ ನಿಮಿಷದಲ್ಲಿ ಓಟ 180-200 ಮೀಟರ್ ಮುಟ್ಟುತ್ತದೆ. ನನ್ನ ಪ್ರಕಾರ ದೂರಕ್ಕಿಂತ ಆ ಬ್ರೇಕೇ ದುಬಾರಿ. ಪೂರ್ತಿ ವೇಗದಲ್ಲಿರುವ ಮೈಭಾರವನ್ನು ನಾಲ್ಕಾರು ಹೆಜ್ಜೆಯಲ್ಲಿ ತಡೆಯಬೇಕು. ಆಗ ತೊಡೆಯ ಸ್ನಾಯು ಅತ್ತ ಹಿಗ್ಗುತ್ತಲೂ ಇರುತ್ತದೆ, ಇತ್ತ ಬಿಗಿಯುತ್ತಲೂ ಇರುತ್ತದೆ. ಮರುದಿನ ಮೆಟ್ಟಿಲಿಳಿಯುವಾಗ ಕಾಲು ಹಿಡಿಯೋದು ಇದಕ್ಕೇ.

ಇಂಥ ಬಿರುಸಿನ ಹೊತ್ತು ಎಷ್ಟು ದಣಿಸುತ್ತದೆ ಅನ್ನೋದನ್ನು 2003ರಲ್ಲಿ ಕ್ರೀಡಾ ವಿಜ್ಞಾನಿ ಮಾಗ್ನಿ ಮೋರ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ಅತಿ ಬಿರುಸಿನ 5 ನಿಮಿಷ ಮುಗಿದ ಮೇಲೆ, ಮುಂದಿನ 5 ನಿಮಿಷದಲ್ಲಿ ಜೋರಿನ ಓಟ ಸರಾಸರಿಗಿಂತಲೂ ಕೆಳಗೆ ಬೀಳುತ್ತದೆ. ನಾವು ಟಿವಿ ಮುಂದೆ ಕೂತು "ಸೋಮಾರಿ" ಅಂತ ಬೈಯೋದು ಆಗಲೇ ಅಲ್ವಾ?

ಈಗ ಜರ್ಸಿಯೊಳಗೆ, ಬೆನ್ನ ಮೇಲ್ಭಾಗದಲ್ಲಿ ಓಟವನ್ನು ಅಳೆಯುವ ಪುಟ್ಟ ಜಿಪಿಎಸ್ ಇರುತ್ತದೆ. ಹಾಗಾಗಿ ತರಬೇತಿಯೂ ಈ ಕೆಟ್ಟ ನಿಮಿಷದ ಲೆಕ್ಕದಲ್ಲೇ ನಡೆಯುತ್ತದೆ. ಸುಮ್ನೆ ಮೈದಾನ ಸುತ್ತಿಸಿದರೆ ದೂರವೇನೋ ಆಗುತ್ತದೆ, ಬ್ರೇಕ್ ಅಭ್ಯಾಸ ಆಗೋದಿಲ್ಲ. ಚಿಕ್ಕ ಜಾಗದಲ್ಲಿ ನಾಲ್ಕು ನಾಲ್ಕು ಜನರನ್ನು ಆಡಿಸಿದರೆ ಬ್ರೇಕ್ ಬೇಕಾದಷ್ಟು ಸಿಗುತ್ತದೆ. ಆದರೆ ಪೂರ್ತಿ ವೇಗ ಹಿಡಿಯೋಕೆ ಜಾಗ ಸಾಲದು. ಅದಕ್ಕೇ ಉದ್ದ ಓಟವನ್ನು ಬೇರೆಯಾಗಿಯೇ ಓಡಿಸುತ್ತಾರೆ.