ಸಿಂಪಡಣೆ ಶುರುವಾಗೋ ಮೊದಲು ಲೇಖನ ಏರಿಸಬೇಕು

ಸಾಗರದ ಕಡೆಯ ಅಡಿಕೆ ಬೆಳೆಗಾರರು ಓದುವ ಒಂದು ಚಿಕ್ಕ ತಿಂಗಳ ಪತ್ರಿಕೆಗೆ ಪ್ರೆಸ್ಸಿನಲ್ಲಿ ಪುಟ ಕಟ್ಟುವವಳು ನಾನು. ಅದರ ವೆಬ್‌ಸೈಟಿಗೆ ಲೇಖನ ಏರಿಸುವುದೂ ನನ್ನದೇ ಕೆಲಸ. ಸೈಟ್ ಇರುವುದು ವರ್ಡ್‌ಪ್ರೆಸ್ ಅನ್ನುವ, ವೆಬ್‌ಸೈಟ್ ನಡೆಸುವ ತಂತ್ರಾಂಶದಲ್ಲಿ. ಲೇಖನ ಅಂಟಿಸಿ ಪಬ್ಲಿಷ್ ಒತ್ತಿದರೆ ಮುಗೀತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಆ ಗುಂಡಿಯ ಪಕ್ಕದಲ್ಲಿರುವ ಸಣ್ಣ ಸಣ್ಣ ಖಾನೆಗಳ ಮೇಲೇ ಕಣ್ಣು. ಲೇಖನ ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ಸಿಗುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಮೊದಲ ಕೆಲಸ ಅಕ್ಷರದ್ದು. ಪತ್ರಿಕೆ ತಯಾರಾಗುವುದು ಪೇಜ್‌ಮೇಕರ್‌ನಲ್ಲಿ, ಹಳೆಯ ನುಡಿ ಫಾಂಟಿನಲ್ಲಿ. ಅದನ್ನು ಹಾಗೇ ತಂದು ಅಂಟಿಸಿದರೆ ತಲೆ ಮೇಲೆ ಚುಕ್ಕಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಾಗಾಗಿ ಫೋನು, ಕಂಪ್ಯೂಟರುಗಳಲ್ಲಿ ಕನ್ನಡವಾಗೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಪರಿವರ್ತಕಕ್ಕೆ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅಂತ ಗೊತ್ತಾಗುವುದಿಲ್ಲ. ನಡುವೆ ಇಂಗ್ಲಿಷಿನಲ್ಲಿ ಬರೆದ ಔಷಧಿಯ ಹೆಸರಿದ್ದರೆ ಅದನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅದಕ್ಕೇ ಅಚ್ಚಾದ ಪುಟ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಪ್ರೂಫ್ ನೋಡುತ್ತೇನೆ. ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆ ರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಇಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೂ ಯಾರದೋ ತೋಟಕ್ಕೆ ಪೆಟ್ಟು ಬೀಳುತ್ತದೆ.

ಆಮೇಲೆ ಲೇಖನದ ವಿಳಾಸ, ಅಂದರೆ ಸ್ಲಗ್. ಇದರ ಬಗ್ಗೆ ಕನ್ನಡದಲ್ಲಿ ಸೈಟ್ ನಡೆಸುವವರು ಜಾಸ್ತಿ ಮಾತಾಡಬೇಕು ಅನ್ನಿಸುತ್ತದೆ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ವಿಳಾಸ ಮಾಡಿಕೊಳ್ಳುತ್ತದೆ. ಅದಕ್ಕೆ 200 ಅಕ್ಷರಗಳ ಮಿತಿ ಇದೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆ, ಒತ್ತಕ್ಷರದ ನಡುವಿನ ಹಲಂತ ಕೂಡ, ಶೇಕಡಾ ಚಿಹ್ನೆ ಸೇರಿದ ಸಂಕೇತವಾಗಿ ಒಂಬತ್ತೊಂಬತ್ತು ಜಾಗ ತಿನ್ನುತ್ತವೆ. ‘ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಮುನ್ನ’ ಅಂತ ಶೀರ್ಷಿಕೆ ಕೊಟ್ಟರೆ ವಿಳಾಸ ‘ಸಿ’ಗೆ ಬಂದು ತುಂಡಾಗುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆ, ಅಂಕಿಗಳು ತುಂಬಿದ ಉದ್ದನೆಯ ಸಾಲು ಬರುತ್ತದೆ. ನಮ್ಮ ಹಿರಿಯ ಓದುಗರು ಅದನ್ನು ಕಂಡರೆ ಏನೋ ಮೋಸದ ಲಿಂಕ್ ಇರಬೇಕು ಅಂತ ಮುಟ್ಟುವುದೇ ಇಲ್ಲ. ಈಗಿನ ಕಾಲಕ್ಕೆ ಅವರ ಹೆದರಿಕೆ ನ್ಯಾಯವೇ. ಅದಕ್ಕೇ ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, bordo-adike ಅಂತ ಎರಡೇ ಪದ ಕೊಡುತ್ತೇನೆ. ಶೀರ್ಷಿಕೆ ಎಷ್ಟುದ್ದ ಬೇಕಾದರೂ ಕನ್ನಡದಲ್ಲೇ ಇರಲಿ. ಈಗಾಗಲೇ ಪ್ರಕಟವಾದ ಪೋಸ್ಟಿನ ಸ್ಲಗ್ ಬದಲಿಸಿದರೂ ಚಿಂತೆಯಿಲ್ಲ. ಹಳೆಯ ವಿಳಾಸಕ್ಕೆ ಬಂದವರನ್ನು ವರ್ಡ್‌ಪ್ರೆಸ್ ಹೊಸದಕ್ಕೆ ಕರೆದುಕೊಂಡು ಹೋಗುತ್ತದೆ.

ವರ್ಗ, ಟ್ಯಾಗ್ ವಿಷಯ ಉದ್ದ ಮಾಡುವುದಿಲ್ಲ. ವರ್ಗ ಕಮ್ಮಿ ಇರಲಿ. ಕೊಳೆ ರೋಗ ಅನ್ನುವುದನ್ನು ಎಲ್ಲ ಕಡೆ ಒಂದೇ ಥರ ಬರೆಯಿರಿ. ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಸೇರಿಸಿ ಬರೆದರೆ ಎರಡು ಟ್ಯಾಗ್ ಆಗಿ ಲೇಖನಗಳು ಚದುರಿಹೋಗುತ್ತವೆ.

ಫೋಟೋಕ್ಕೆ ಮಾತ್ರ ನಾನು ಧಾರಾಳವಾಗಿ ಸಮಯ ಕೊಡುತ್ತೇನೆ. ಚಿತ್ರದಲ್ಲಿ ಏನಿದೆ ಅಂತ ಮಾತಿನಲ್ಲಿ ಬರೆಯುವ ಪರ್ಯಾಯ ಪಠ್ಯದ ಖಾನೆಯನ್ನು ಸುಮಾರು ಜನ ಖಾಲಿ ಬಿಡುತ್ತಾರೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದು ಆ ಸಾಲನ್ನೇ. ಚಿತ್ರ ತೆರೆದುಕೊಳ್ಳದ ನಿಧಾನ ನೆಟ್‌ವರ್ಕಿನಲ್ಲಿ ಕಾಣುವುದೂ ಅದೇ. ನಮ್ಮ ಮಳೆಗಾಲದಲ್ಲಿ ಕರೆಂಟು, ಟವರು ಎರಡೂ ಹೋಗಿ ಬರುತ್ತಿರುತ್ತವೆ ಅಲ್ವಾ? ‘ಅಡಿಕೆ ಫೋಟೋ’ ಅಂತ ಬರೆದು ಏನು ಉಪಯೋಗ? ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ರೋಗ ಬಿದ್ದ ಗೊನೆಯ ಚಿತ್ರ ಕಳಿಸಿದ್ದರು. “ಮೇಷ್ಟ್ರೇ, ಇದರಲ್ಲಿ ಏನು ನೋಡಬೇಕು?” ಅಂತ ಫೋನಿನಲ್ಲಿ ಕೇಳಿದೆ. “ತಂಗೀ, ತೊಟ್ಟಿನ ಹತ್ತಿರ ನೀರಲ್ಲಿ ನೆನೆದ ಹಾಗೆ ಕಪ್ಪುಹಸಿರು ಕಲೆ ಇದ್ದು ನೋಡು, ಅಲ್ಲಿಂದಲೇ ಶುರು” ಅಂದರು. ಆ ಮಾತನ್ನೇ ಖಾನೆಯಲ್ಲಿ ಬರೆದೆ.

ನಮ್ಮ ಲೇಖನಗಳಿಗೆ ಹೊತ್ತು ಮುಖ್ಯ. ಕೊಳೆ ರೋಗಕ್ಕೆ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು. ಎರಡನೆಯದು ಅದಾಗಿ 40–45 ದಿನಕ್ಕೆ. ಮಳೆ ಬಿದ್ದ ಮೇಲೆ ಪ್ರಕಟವಾದರೆ ಅದು ಓದೋಕೆ ಚಂದ, ತೋಟಕ್ಕೆ ದಂಡ. ಅದಕ್ಕೇ ಮೇ ತಿಂಗಳ ಲೇಖನಗಳನ್ನು ಮುಂಚೆಯೇ ಸಿದ್ಧ ಮಾಡಿ ಶೆಡ್ಯೂಲ್ ಮಾಡುತ್ತೇನೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಮಯ ವಲಯ ಕೋಲ್ಕತ್ತಾ ಅಂತ ಇದೆಯೇ ನೋಡಿಕೊಳ್ಳಿ. ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯವೇ ಅಲ್ಲಿದ್ದರೆ ಬೆಳಗ್ಗೆ 6ಕ್ಕೆ ಅಂತ ಇಟ್ಟದ್ದು 11:30ಕ್ಕೆ ಬರುತ್ತದೆ. ಇನ್ನೊಂದು ಸಂಗತಿ. ವರ್ಡ್‌ಪ್ರೆಸ್ ಗಡಿಯಾರ ತಾನಾಗಿ ಓಡುವುದಿಲ್ಲ, ಸೈಟಿಗೆ ಯಾರಾದರೂ ಬಂದಾಗ ಮಾತ್ರ ಎಚ್ಚರಾಗುತ್ತದೆ. ಓದುಗರು ಕಮ್ಮಿ ಇರುವ ಸೈಟಾದರೆ ಆ ಹೊತ್ತಿಗೆ ನೀವೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಬರೆಯುವವರಿಗೆ ಕಂಟ್ರಿಬ್ಯೂಟರ್ ಖಾತೆ ಕೊಟ್ಟಿದ್ದೇವೆ. ಅವರು ಬರೆಯಬಹುದು, ಪ್ರಕಟಿಸಲು ಆಗುವುದಿಲ್ಲ. ಲೇಖನ ಪೆಂಡಿಂಗ್ ರಿವ್ಯೂನಲ್ಲಿ ಕೂತಿರುತ್ತದೆ. ಅನುಭವಸ್ಥ ಬೆಳೆಗಾರರೊಬ್ಬರು ಓದಿ ಸರಿ ಅಂದ ಮೇಲೆಯೇ ನಾನು ಪಬ್ಲಿಷ್ ಒತ್ತುವುದು. ತಡ ಆಗುತ್ತದೆ ಅಂತ ಕೆಲವರಿಗೆ ಬೇಸರ. ಆದರೆ ಓದಿದವರು ಮಾರನೇ ದಿನವೇ ಬ್ಯಾರಲ್ಲಿನಲ್ಲಿ ಕಲಸುತ್ತಾರೆ. ಇನ್ನೊಬ್ಬರ ಕಣ್ಣು ಹಾಯದ ಪ್ರಮಾಣವನ್ನು ನಾನು ಹಾಕುವುದಿಲ್ಲ.

ಹಳೆಯ ಲೇಖನದಲ್ಲಿ ಏನಾದರೂ ಬದಲಾದರೆ ಹೊಸ ಪೋಸ್ಟ್ ಮಾಡುವುದಿಲ್ಲ. ಅದನ್ನೇ ತೆರೆದು, ಮೇಲ್ಗಡೆ ತಾರೀಕು ಹಾಕಿ, ಬದಲಾದದ್ದೇನು ಅಂತ ಒಂದು ಸಾಲು ಬರೆದು ಅಪ್‌ಡೇಟ್ ಕೊಡುತ್ತೇನೆ. ಹಿಂದಿನ ರೂಪ ರಿವಿಷನ್ಸ್‌ನಲ್ಲಿ ಉಳಿದಿರುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ತಿರುಗುತ್ತಿರುವ ಹಳೆಯ ಲಿಂಕ್ ಒತ್ತಿದವರಿಗೂ ಹೊಸ ಮಾಹಿತಿಯೇ ಸಿಗುತ್ತದೆ. ಈ ಮುಂಗಾರಿನ ಮೊದಲು ಕೊಳೆ ರೋಗದ ಹಳೆಯ ಲೇಖನಗಳನ್ನೆಲ್ಲ ಹೀಗೆ ಒಂದು ಸುತ್ತು ನೋಡಬೇಕಿದೆ. ನಿಮ್ಮಲ್ಲಿ ಯಾರಾದರೂ ತೋಟ ಮಾಡುವವರು ಓದಿ ತಿದ್ದಿ ಕೊಡುವುದಾದರೆ ಹೇಳಿ, ಲಿಂಕ್‌ಗಳನ್ನು ಕಳಿಸುತ್ತೇನೆ.